ಹಂಚಿಕೆಯ ಕಡತಕೋಶವು ತೆರೆಯದಿದ್ದಾಗ: ಭಿನ್ನ ಗಣಕಯಂತ್ರಗಳ ಸಂಪರ್ಕದೋಷದ ನಿದಾನ

ಶಾಲೆಯ ದಾಖಲೆಗಳೆಲ್ಲ ಒಂದೇ ಬೀರುವಿನಲ್ಲಿದ್ದ ಕಾಲದಲ್ಲಿ ಅವುಗಳ ಹಂಚಿಕೆಯು ಸರಳವಾದ ವ್ಯವಹಾರವಾಗಿತ್ತು. ದಾಖಲಾತಿ ವಹಿಯನ್ನಾಗಲಿ ಅಂಕಪಟ್ಟಿಯ ಕಟ್ಟನ್ನಾಗಲಿ ಬೇಕಾದ ಉಪಾಧ್ಯಾಯರು ಗುಮಾಸ್ತರಿಂದ ಕೇಳಿ ಪಡೆಯುತ್ತಿದ್ದರು. ನೋಡಿ ಮುಗಿದ ಮೇಲೆ ಸಂಜೆಯೊಳಗೆ ಹಿಂದಿರುಗಿಸುತ್ತಿದ್ದರು. ಒಬ್ಬರ ಕೈಯಲ್ಲಿ ತೆರೆದ ವಹಿಯು ಇನ್ನೊಬ್ಬರ ಕೈಯಲ್ಲಿ ತೆರೆಯದೆ ಹಠ ಮಾಡಿದ್ದುಂಟೇ? ಗಣಕಯಂತ್ರವು ಬಂದ ಮೇಲೆ ಬೀರುವಿನ ಸ್ಥಾನವನ್ನು ಫೋಲ್ಡರ್ ಎಂದು ಕರೆಯಲಾಗುವ ಕಡತಕೋಶವು ಪಡೆದಿದೆ. ಈ ಕೋಶವನ್ನು ಜಾಲದ ಮೂಲಕ ಅನೇಕ ಯಂತ್ರಗಳಿಗೆ ತೆರೆದಿಡಬಹುದು. ಎಲ್ಲರೂ ತಾವು ಕುಳಿತಲ್ಲಿಂದಲೇ ಒಂದೇ ಮೂಲಪ್ರತಿಯನ್ನು ನೋಡಬಹುದು, ತಿದ್ದಬಹುದು. ಸೌಲಭ್ಯವೇನೋ ದೊಡ್ಡದು. ಆದರೆ ಯಂತ್ರಗಳು ಬೇರೆ ಬೇರೆ ವ್ಯವಸ್ಥೆಗಳಿಗೆ ಸೇರಿದವಾದಾಗ ಈ ಕೋಶವು ಹಲವೊಮ್ಮೆ ತೆರೆಯುವುದೇ ಇಲ್ಲ.

ನಿದರ್ಶನಕ್ಕಾಗಿ ಮದ್ದೂರು ತಾಲ್ಲೂಕಿನ ಆತಗೂರಿನ ಕಡೆಯ ಒಂದು ಪ್ರೌಢಶಾಲೆಯನ್ನು ವಾಚಕರು ಮನಸ್ಸಿನಲ್ಲಿ ಕಲ್ಪಿಸಿಕೊಳ್ಳಬಹುದು. ಕಚೇರಿಯ ಮೇಜಿನ ಮೇಲೆ ವಿಂಡೋಸ್ ವ್ಯವಸ್ಥೆಯ ಹೊಸ ಯಂತ್ರವಿದೆ. ಮಕ್ಕಳ ಪ್ರಯೋಗಶಾಲೆಯಲ್ಲಿ ಉಬುಂಟು ಎಂಬ ಲಿನಕ್ಸ್ ವ್ಯವಸ್ಥೆಯ ಹತ್ತು ಯಂತ್ರಗಳಿವೆ. ಮೂಲೆಯಲ್ಲಿ ಬಟ್ಟೆ ಹೊದಿಸಿದ ಹಳೆಯ ಯಂತ್ರವೊಂದಿದೆ. ಅದರದು ವಿಂಡೋಸ್ ಎಕ್ಸ್‌ಪಿ. ಹದಿನೈದು ವರ್ಷಗಳ ವಾರ್ಷಿಕ ಸಂಚಿಕೆಗಳ ಲೇಖನಗಳು, ಹಳೆಯ ವಿದ್ಯಾರ್ಥಿಗಳ ಪಟ್ಟಿ, ದಾನಿಗಳ ನಾಮಾವಳಿ ಎಲ್ಲವೂ ಈ ಮೂರನೆಯದರ ಹೊಟ್ಟೆಯಲ್ಲಿಯೇ ಇವೆ, ಅದೂ ನುಡಿ ಅಕ್ಷರದಲ್ಲಿ. ಹೊಸ ಸಂಚಿಕೆಗೆ ಅವು ಬೇಕಾಗಿವೆ. ಯಂತ್ರಗಳ ನಡುವೆ ತಂತಿಯನ್ನು ಎಳೆದಿದ್ದಾರೆ. ಆದರೂ ಒಂದರ ಕೋಶವು ಇನ್ನೊಂದಕ್ಕೆ ಕಾಣುತ್ತಿಲ್ಲ.

ಇಂತಹ ಸಂದರ್ಭದಲ್ಲಿ ಸಾಮಾನ್ಯವಾಗಿ ನಡೆಯುವುದೇನು? ರಕ್ಷಣೆಗಾಗಿ ಇರಿಸಿದ ಫೈರ್‌ವಾಲನ್ನು ಪೂರ್ತಿಯಾಗಿ ಆರಿಸಿಬಿಡುತ್ತಾರೆ. ಕೋಶವನ್ನು ‘ಎಲ್ಲರಿಗೂ ಎಲ್ಲ ಅಧಿಕಾರ’ ಎಂದು ಬಿಟ್ಟುಕೊಡುತ್ತಾರೆ. ಅದೂ ಫಲಿಸದಿದ್ದರೆ ಪೆನ್‌ಡ್ರೈವನ್ನು ಜೇಬಿನಿಂದ ತೆಗೆಯುತ್ತಾರೆ. ಕಡೆಯದು ತಾತ್ಕಾಲಿಕವಾಗಿ ಕೆಲಸ ನಡೆಸಿಕೊಡುತ್ತದೆ ನಿಜ. ಆದರೆ ಒಂದು ಪಟ್ಟಿ ನಾಲ್ಕು ಪೆನ್‌ಡ್ರೈವುಗಳಲ್ಲಿ ಸುತ್ತಿ ಬರುವ ಹೊತ್ತಿಗೆ ನಾಲ್ಕು ಪಾಠಾಂತರಗಳು ಹುಟ್ಟಿರುತ್ತವೆ. ಯಾವುದು ಮೂಲ, ಯಾವುದು ಪ್ರಕ್ಷಿಪ್ತ ಎಂದು ನಿರ್ಣಯಿಸುವುದಕ್ಕೆ ಓಲೆಗರಿಗಳ ಪರಿಷ್ಕರಣದಲ್ಲಿ ಪಳಗಿದ ಗ್ರಂಥಸಂಪಾದಕರೇ ಬೇಕಾದಾರು. ಆದುದರಿಂದ ದೋಷದ ಮೂಲವನ್ನು ಕ್ರಮವಾಗಿ ಹುಡುಕುವ ವಿಧಾನವನ್ನು ಅರಿಯುವುದು ಯುಕ್ತ.

ಮೊದಲು ಈ ಭಿನ್ನ ವ್ಯವಸ್ಥೆಗಳು ಒಂದಕ್ಕೊಂದು ಮಾತನಾಡಲು ಹೇಗೆ ಕಲಿತವೆಂಬುದನ್ನು ಸಂಕ್ಷೇಪವಾಗಿ ತಿಳಿಯಬೇಕು. ಕಡತಗಳನ್ನು ಜಾಲದಲ್ಲಿ ಹಂಚಿಕೊಳ್ಳುವ ಸಂಭಾಷಣೆಯ ನಿಯಮಾವಳಿಯೊಂದನ್ನು ಐಬಿಎಂ ಸಂಸ್ಥೆಯ ಬ್ಯಾರಿ ಫೈಗನ್‌ಬಾಮ್ ಅವರು 1983ರ ಸುಮಾರಿಗೆ ರೂಪಿಸಿದರು. ಸರ್ವರ್ ಮೆಸೇಜ್ ಬ್ಲಾಕ್ ಎಂಬ ಅದರ ಹೆಸರು ಎಸ್‌ಎಂಬಿ ಎಂದು ಹ್ರಸ್ವವಾಯಿತು. ಮೈಕ್ರೋಸಾಫ್ಟ್ ಸಂಸ್ಥೆಯು ಅದನ್ನು ಸ್ವೀಕರಿಸಿ ಬೆಳೆಸಿತು. ವಿಂಡೋಸ್ ಯಂತ್ರಗಳೆಲ್ಲ ಪರಸ್ಪರ ಆಡುವುದು ಈ ಭಾಷೆಯನ್ನೇ. ಯೂನಿಕ್ಸ್ ಮತ್ತು ಲಿನಕ್ಸ್ ಯಂತ್ರಗಳಿಗೆ ಈ ಭಾಷೆ ಬಾರದು. ಆಸ್ಟ್ರೇಲಿಯಾದ ಕ್ಯಾನ್‌ಬೆರಾ ನಗರದಲ್ಲಿ ವ್ಯಾಸಂಗ ಮಾಡುತ್ತಿದ್ದ ಆಂಡ್ರ್ಯೂ ಟ್ರಿಡ್ಜೆಲ್ ಎಂಬ ವಿದ್ಯಾರ್ಥಿಯು 1991ರ ಕೊನೆಯಲ್ಲಿ ಈ ಕೊರತೆಯನ್ನು ತುಂಬಲು ತೊಡಗಿದರು. ವ್ಯಾಕರಣಗ್ರಂಥವೇ ಇಲ್ಲದ ಭಾಷೆಯನ್ನು ಸಂತೆಯಲ್ಲಿ ನಿಂತು ಕೇಳಿ ಕೇಳಿ ಕಲಿಯುವವನಂತೆ ಅವರು ತಂತಿಯ ಮೇಲೆ ಹರಿಯುವ ಸಂದೇಶಗಳನ್ನು ಆಲಿಸಿ ಅದರ ನಿಯಮಗಳನ್ನು ಊಹಿಸಿ ತಂತ್ರಾಂಶವನ್ನು ಬರೆದರು. ಅದಕ್ಕೆ ‘ಸಾಂಬಾ’ ಎಂದು ಹೆಸರು. ಈ ಹೆಸರನ್ನು ಕೇಳಿದ ಕೂಡಲೆ ಅಂಬಾಸಹಿತನಾದ ಸಾಂಬನ ನೆನಪಾಗುವುದು ನಮ್ಮವರಿಗೆ ಸಹಜ. ಆದರೆ ಅದು ಕಾಕತಾಳೀಯ. ಎಸ್, ಎಂ, ಬಿ ಎಂಬ ಮೂರು ಇಂಗ್ಲಿಷ್ ಅಕ್ಷರಗಳು ಇದೇ ಕ್ರಮದಲ್ಲಿ ಬರುವ ಪದವನ್ನು ಪದಪಟ್ಟಿಯಲ್ಲಿ ಹುಡುಕಿದಾಗ ಸಿಕ್ಕಿದ ಹೆಸರು ಅದು. ಇಂದು ಲಿನಕ್ಸ್ ಯಂತ್ರವು ತನ್ನ ಕೋಶವನ್ನು ವಿಂಡೋಸ್ ಯಂತ್ರಕ್ಕೆ ತೋರಿಸುವುದು ಬಹುಮಟ್ಟಿಗೆ ಈ ಸಾಂಬಾದ ಮೂಲಕವೇ.

ಲಿನಕ್ಸ್ ವ್ಯವಸ್ಥೆಯು ನಮ್ಮ ಶಾಲೆಗಳಿಗೆ ಹೊಸದಲ್ಲ. ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಕೇರಳ ಸರ್ಕಾರದ ಕೈಟ್ ಸಂಸ್ಥೆಯು ಸಿದ್ಧಪಡಿಸಿದ ಲಿನಕ್ಸ್ ರೂಢಿಯಲ್ಲಿದೆ. ಕರ್ನಾಟಕದಲ್ಲಿಯೂ ಶಿಕ್ಷಕರ ತರಬೇತಿಗಳಲ್ಲಿ ಉಬುಂಟು ಬಳಕೆಯಾಗಿದೆ. ಕಚೇರಿಗಳಲ್ಲಿ ಮಾತ್ರ ವಿಂಡೋಸಿನ ಅಭ್ಯಾಸವೇ ಹೆಚ್ಚು. ಎರಡೂ ಒಂದೇ ಕಟ್ಟಡದಲ್ಲಿ ಇರಬೇಕಾಗಿ ಬಂದುದರಿಂದ ಈ ಸಮಸ್ಯೆಯು ಹುಟ್ಟಿದೆ.

ಇನ್ನು ನಿದಾನದ ಕ್ರಮ. ವಿಶ್ವೇಶ್ವರಯ್ಯ ನಾಲೆಯ ನೀರನ್ನು ನಂಬಿ ಬದುಕುವ ಮಂಡ್ಯ ಜಿಲ್ಲೆಯ ರೈತನಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಗದ್ದೆಗೆ ನೀರು ಬಾರದಿದ್ದರೆ ಅವನು ಗದ್ದೆಯಲ್ಲಿಯೇ ನಿಂತು ಬದುವನ್ನೆಲ್ಲ ಕಡಿಯುವುದಿಲ್ಲ. ನೀರು ಎಲ್ಲಿಯವರೆಗೆ ಬಂದಿದೆಯೆಂದು ಕಾಲುವೆಯ ಗುಂಟ ಹಿಂದಕ್ಕೆ ನಡೆದು ನೋಡುತ್ತಾನೆ. ಹೊಲಗಾಲುವೆಯಲ್ಲಿ ಕಸ ಕಟ್ಟಿದೆಯೋ, ತೂಬು ಮುಚ್ಚಿದೆಯೋ, ನೀರುಗಂಟಿಯು ಇವನ ಸರದಿಯನ್ನು ತಪ್ಪಿಸಿದ್ದಾನೆಯೋ ಎಂದು ಒಂದೊಂದನ್ನೇ ವಿಚಾರಿಸುತ್ತಾನೆ. ಜಾಲದಲ್ಲಿಯೂ ದಾರಿ, ಹೆಸರು, ಭಾಷೆ, ಗುರುತು, ಅಧಿಕಾರ ಎಂಬ ಐದು ತೂಬುಗಳುಂಟು. ಹಿಂದಿನದು ತೆರೆಯದೆ ಮುಂದಿನದನ್ನು ತಿದ್ದುವುದು ವ್ಯರ್ಥಶ್ರಮ. ನೀರು ಎಲ್ಲಿ ನಿಂತಿದೆಯೆಂಬುದನ್ನು ಯಂತ್ರವೇ ಬಹುಮಟ್ಟಿಗೆ ಹೇಳುತ್ತದೆ. ಆದರೆ ಪರದೆಯ ಮೇಲೆ ಬಂದ ಸೂಚನೆಯನ್ನು ಓದದೆ ‘ಮುಚ್ಚು’ ಎಂಬ ಗುಂಡಿಯನ್ನು ಒತ್ತುವ ಆತುರ ನಮ್ಮದು. ವಿಂಡೋಸಿನ ಆದೇಶಪರದೆಯು 53 ಎಂಬ ದೋಷಸಂಖ್ಯೆಯನ್ನು ತೋರಿಸಿದರೆ ದಾರಿಯೇ ಸಿಕ್ಕಿಲ್ಲವೆಂದು ಅರ್ಥ. 5 ಎಂದು ತೋರಿಸಿದರೆ ದಾರಿ ಸಿಕ್ಕಿದೆ, ಬಾಗಿಲಲ್ಲಿ ತಡೆದಿದ್ದಾರೆ ಎಂದು ಅರ್ಥ. 86 ಅಥವಾ 1326 ಎಂದರೆ ಹೆಸರೋ ಪಾಸ್‌ವರ್ಡೋ ಒಪ್ಪಿತವಾಗಿಲ್ಲ. 53ರಿಂದ 5ಕ್ಕೆ ಬಂದವರು ಹತಾಶರಾಗಬೇಕಾಗಿಲ್ಲ. ಅವರು ಬಾಗಿಲವರೆಗೆ ಬಂದಿದ್ದಾರೆ.

ದಾರಿಯ ವಿಚಾರದಲ್ಲಿ ಹೆಚ್ಚು ಹೇಳತಕ್ಕದ್ದಿಲ್ಲ. 1902ರಲ್ಲಿಯೇ ಇದೇ ಜಿಲ್ಲೆಯ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗಳಿಗೆ ತಂತಿಯ ಮೇಲೆ ವಿದ್ಯುತ್ತು ಹರಿದಿತ್ತು. ಎರಡು ಕೊಠಡಿಗಳ ನಡುವಣ ಹತ್ತು ಮಾರು ತಂತಿ ಸೋಲುವುದೆಂದರೆ ಅದರ ತುದಿಯ ಕೊಂಡಿಯು ಸಡಿಲವಾಗಿದೆ, ಇಲ್ಲವೆ ಸ್ವಿಚ್ಚು ಎಂಬ ಪೆಟ್ಟಿಗೆಗೆ ವಿದ್ಯುತ್ತು ಇಲ್ಲ, ಇಲ್ಲವೆ ಕೋಶವಿರುವ ಯಂತ್ರವೇ ನಿದ್ರಿಸುತ್ತಿದೆ. ಯಂತ್ರಕ್ಕೆ ಜಾಲದಲ್ಲಿ ಒಂದು ಅಂಕಿಗಳ ವಿಳಾಸವಿರುತ್ತದೆ. ಶಾಲೆಯ ರೂಟರು ಕೊಡುವ ವಿಳಾಸವು ಬಹುಧಾ 192.168 ಎಂದು ಆರಂಭವಾಗುತ್ತದೆ. ಒಂದು ಯಂತ್ರದ್ದು ಮಾತ್ರ 169.254 ಎಂದು ಆರಂಭವಾಗಿದ್ದರೆ ಅದಕ್ಕೆ ಯಾರೂ ವಿಳಾಸ ಕೊಡಲಿಲ್ಲ, ತಾನೇ ಒಂದನ್ನು ಇಟ್ಟುಕೊಂಡಿದೆ ಎಂದು ತಿಳಿಯಬೇಕು. ಪಿಂಗ್ ಎಂಬ ಆದೇಶದಿಂದ ಎದುರಿನ ಯಂತ್ರವನ್ನು ಕೂಗಿ ನೋಡುವ ರೂಢಿಯುಂಟು. ಓಗೊಟ್ಟರೆ ದಾರಿಯಿದೆಯೆನ್ನಲು ಅಡ್ಡಿಯಿಲ್ಲ. ಓಗೊಡದಿದ್ದರೆ ದಾರಿಯಿಲ್ಲವೆಂದು ಸಿದ್ಧಾಂತ ಮಾಡಕೂಡದು, ಏಕೆಂದರೆ ವಿಂಡೋಸಿನ ಫೈರ್‌ವಾಲು ಆ ಕೂಗಿಗೆ ಮಾತ್ರ ಕಿವಿಗೊಡದಿರಬಹುದು. ಇಲ್ಲಿಯೇ ಇನ್ನೊಂದು ಸಾಮಾನ್ಯ ದೋಷವನ್ನು ಹೇಳಬೇಕು. ಹೊಸ ರೂಟರನ್ನು ಜೋಡಿಸಿದಾಗ ವಿಂಡೋಸ್ ಯಂತ್ರವು ಅದನ್ನು ಅಪರಿಚಿತವಾದ ಜಾಲವೆಂದು ಭಾವಿಸಿ ‘ಸಾರ್ವಜನಿಕ’ ವರ್ಗಕ್ಕೆ ಸೇರಿಸುವುದುಂಟು. ಬಸ್ ನಿಲ್ದಾಣದಲ್ಲಿ ಕುಳಿತವನು ಚೀಲವನ್ನು ಅಪ್ಪಿಕೊಂಡಂತೆ ಆಗ ಅದು ತನ್ನ ಕೋಶಗಳನ್ನು ಮುಚ್ಚಿಕೊಳ್ಳುತ್ತದೆ. ಜಾಲದ ವರ್ಗವನ್ನು ‘ಖಾಸಗಿ’ ಎಂದು ಬದಲಿಸಿದರೆ ಸಾಕು. ಫೈರ್‌ವಾಲನ್ನು ಆರಿಸಬೇಕಾದ ಪ್ರಮೇಯವೇ ಬಾರದು.

ಎರಡನೆಯದು ಹೆಸರು. ವಿಂಡೋಸಿನ ‘ನೆಟ್‌ವರ್ಕ್’ ಕಿಟಕಿಯಲ್ಲಿ ಲಿನಕ್ಸ್ ಯಂತ್ರವು ಕಾಣಲಿಲ್ಲವೆಂದು ಅನೇಕರು ಪ್ರಯತ್ನವನ್ನೇ ಕೈಬಿಡುತ್ತಾರೆ. ಪಟ್ಟಿಯಲ್ಲಿ ಹೆಸರಿಲ್ಲದಿರುವುದು ಬೇರೆ, ವ್ಯಕ್ತಿಯೇ ಇಲ್ಲದಿರುವುದು ಬೇರೆ. ಹಿಂದೆ ಆ ಪಟ್ಟಿಯನ್ನು ಸಿದ್ಧಪಡಿಸುತ್ತಿದ್ದ ಕ್ರಮವು ಹಳೆಯ ಎಸ್‌ಎಂಬಿಯನ್ನು ಆಶ್ರಯಿಸಿತ್ತು. ಅದು ಹೋದ ಮೇಲೆ ವಿಂಡೋಸ್ ಬೇರೊಂದು ಕ್ರಮವನ್ನು ಹಿಡಿದಿದೆ, ಸಾಂಬಾ ಒಂದೇ ಇರುವ ಯಂತ್ರವು ಆ ಹೊಸ ಕ್ರಮದಲ್ಲಿ ತನ್ನ ಇರವನ್ನು ಸಾರುವುದಿಲ್ಲ. ಆದುದರಿಂದ ಪಟ್ಟಿಯನ್ನು ಬಿಟ್ಟು ಅಂಕಿಗಳ ವಿಳಾಸವನ್ನೇ ನೇರವಾಗಿ ಬರೆಯತಕ್ಕದ್ದು. ವಿಂಡೋಸಿನಲ್ಲಿ ವಿಳಾಸದ ಮುಂದೆ ಹಿಂದಕ್ಕೆ ಒರಗಿದ ಎರಡು ಓರೆಗೆರೆಗಳು. ಲಿನಕ್ಸಿನಲ್ಲಿ ಎಸ್‌ಎಂಬಿ ಎಂಬ ಅಕ್ಷರಗಳು, ವಿವರಣಚಿಹ್ನೆ, ಬಳಿಕ ಮುಂದಕ್ಕೆ ಒರಗಿದ ಎರಡು ಓರೆಗೆರೆಗಳು. ವಿಳಾಸದಿಂದ ತೆರೆದು ಹೆಸರಿನಿಂದ ತೆರೆಯದಿದ್ದರೆ ದೋಷವು ಹೆಸರಿನ ತೂಬಿನಲ್ಲಿಯೇ ಇದೆ. ಹಳೆಯ ನಾಮಪದ್ಧತಿಯು ಯಂತ್ರದ ಹೆಸರಿಗೆ 15 ಅಕ್ಷರಗಳನ್ನಷ್ಟೇ ಮನ್ನಿಸುತ್ತಿತ್ತು; ಸಂಸ್ಥೆಯ ಪೂರ್ಣ ಬಿರುದಾವಳಿಯನ್ನು ಯಂತ್ರಕ್ಕೆ ಇಡುವ ಉತ್ಸಾಹವನ್ನು ಅದಕ್ಕಾಗಿ ತಡೆದುಕೊಳ್ಳಬೇಕು.

ಮೂರನೆಯದಾದ ಭಾಷೆಯ ವಿಷಯವು ಗಂಭೀರವಾದುದು. ಎಸ್‌ಎಂಬಿಗೆ ಮೂರು ತಲೆಮಾರುಗಳುಂಟು. ಎರಡನೆಯದು 2006ರಲ್ಲಿ ಪೂರ್ಣಗೊಂಡ ವಿಂಡೋಸ್ ವಿಸ್ಟಾದೊಡನೆಯೂ ಮೂರನೆಯದು 2012ರ ವಿಂಡೋಸ್ 8ರೊಡನೆಯೂ ಬಂದವು. ಎಕ್ಸ್‌ಪಿಗೆ ಮೊದಲನೆಯದೊಂದೇ ಬರುತ್ತದೆ. ಆ ಮೊದಲನೆಯ ಎಸ್‌ಎಂಬಿಯ ವಿಂಡೋಸ್ ರೂಪದಲ್ಲಿದ್ದ ಬಿರುಕನ್ನು ಮುಚ್ಚುವ ತೇಪೆಯನ್ನು ಮೈಕ್ರೋಸಾಫ್ಟ್ 2017ರ ಮಾರ್ಚ್ 14ರಂದು ಹೊರಡಿಸಿತು. ಎಲ್ಲರೂ ಅದನ್ನು ಹಾಕಿಕೊಳ್ಳಲಿಲ್ಲ. ಎರಡು ತಿಂಗಳೊಳಗೆ, ಮೇ 12ರಂದು, ‘ವಾನಾಕ್ರೈ’ ಎಂಬ ದುಷ್ಟ ತಂತ್ರಾಂಶವು ಅದೇ ಬಿರುಕಿನಿಂದ ನುಗ್ಗಿತು. ಒಂದು ಯಂತ್ರದಿಂದ ಇನ್ನೊಂದಕ್ಕೆ ಯಾರೂ ಏನನ್ನೂ ಒತ್ತದೆಯೇ ಹರಡಿ, ಕಡತಗಳನ್ನೆಲ್ಲ ಗೂಢಲಿಪಿಗೆ ತಿರುಗಿಸಿ, ಬಿಡುಗಡೆಗೆ ಹಣವನ್ನು ಕೇಳಿತು. ಸುಮಾರು 150 ದೇಶಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಯಂತ್ರಗಳು ಅದಕ್ಕೆ ತುತ್ತಾದವೆಂದು ಅಂದಾಜು. ಇಂಗ್ಲೆಂಡಿನ ಆಸ್ಪತ್ರೆಗಳು ರೋಗಿಗಳನ್ನು ಹಿಂದಕ್ಕೆ ಕಳುಹಿಸಬೇಕಾಯಿತು. ತುತ್ತಾದವುಗಳಲ್ಲಿ ಹೆಚ್ಚಿನವು ಎಕ್ಸ್‌ಪಿಗಳಲ್ಲ, ತೇಪೆ ಹಾಕಿಸಿಕೊಳ್ಳದ ವಿಂಡೋಸ್ 7ರ ಯಂತ್ರಗಳು ಎಂಬುದನ್ನು ಗಮನಿಸಬೇಕು. ಅದೇ ವರ್ಷದ ಅಕ್ಟೋಬರಿನಿಂದ ವಿಂಡೋಸ್ 10ರ ಹೊಸ ಸ್ಥಾಪನೆಗಳಲ್ಲಿ ಮೊದಲನೆಯ ಎಸ್‌ಎಂಬಿಯನ್ನು ಸೇರಿಸುವುದನ್ನು ಕೈಬಿಡಲಾಯಿತು. ಸಾಂಬಾ ತಂತ್ರಾಂಶವೂ 2019ರ 4.11ನೆಯ ಆವೃತ್ತಿಯಲ್ಲಿ ಅದನ್ನು ತಾನಾಗಿ ಆಡುವುದನ್ನು ನಿಲ್ಲಿಸಿತು.

ಕಚೇರಿಯ ಹೊಸ ಯಂತ್ರಕ್ಕೆ ಮೂಲೆಯ ಎಕ್ಸ್‌ಪಿ ಯಂತ್ರವು ತೆರೆಯದಿರುವ ಕಾರಣ ಇದೇ. ಒಂದು ಆಡುವ ಭಾಷೆಯನ್ನು ಇನ್ನೊಂದು ಬುದ್ಧಿಪೂರ್ವಕವಾಗಿ ಮರೆತಿದೆ. ಹೊಸ ಯಂತ್ರದಲ್ಲಿ ಹಳೆಯ ಎಸ್‌ಎಂಬಿಯನ್ನು ಪುನಃ ಸ್ಥಾಪಿಸುವ ಮಾರ್ಗವುಂಟು. ಕೆಲವು ತಂತ್ರಜ್ಞರು ಐದೇ ನಿಮಿಷದಲ್ಲಿ ಮಾಡಿಕೊಟ್ಟು ಕೋಶವನ್ನು ತೆರೆದು ತೋರಿಸುತ್ತಾರೆ. ತೆರೆಯಿತೆಂಬ ಸಂತೋಷದಲ್ಲಿ ಅದನ್ನು ಹಾಗೆಯೇ ಬಿಡುವುದು ಅವಿವೇಕ. ಕಳ್ಳಗಂಡಿಯನ್ನು ತೆರೆದ ಮೇಲೆ ಅದರಲ್ಲಿ ಯಾರು ಬರುವರೆಂಬುದು ತೆರೆದವನ ಕೈಯಲ್ಲಿರುವುದಿಲ್ಲ. ಹತ್ತು ಮಕ್ಕಳ ಯಂತ್ರಗಳೂ ಸಿಬ್ಬಂದಿಯ ವೇತನದ ಕಡತಗಳೂ ಇರುವ ಜಾಲಕ್ಕೆ, 2014ರ ಏಪ್ರಿಲ್ 8ರಂದೇ ತಯಾರಕರ ಆರೈಕೆಯನ್ನು ಕಳೆದುಕೊಂಡ ಯಂತ್ರವನ್ನು ಕೂಡಿಸಬಾರದು. ಅದರ ವಿಲೇವಾರಿಯ ಮಾತು ಮುಂದೆ ಬರುತ್ತದೆ.

ನಾಲ್ಕನೆಯದು ಗುರುತು. ಹೆಚ್ಚಿನ ಕಾಲವ್ಯಯವಾಗುವುದು ಇಲ್ಲಿಯೇ, ಅದೂ ತೀರ ಸಣ್ಣ ತಿಳಿವಳಿಕೆಯ ಕೊರತೆಯಿಂದ. ವಿಂಡೋಸ್ ಯಂತ್ರವನ್ನು ತೆರೆಯಲು ಗುಮಾಸ್ತರು ನಿತ್ಯವೂ ನಾಲ್ಕಂಕಿಯ ಪಿನ್ನನ್ನು ಒತ್ತುತ್ತಾರೆ. ಪ್ರಯೋಗಶಾಲೆಯಿಂದ ಕೋಶವನ್ನು ತೆರೆಯುವಾಗಲೂ ಅದನ್ನೇ ಕೊಡುತ್ತಾರೆ. ಪಿನ್ನು ಆ ಯಂತ್ರದ ಎದುರು ಕುಳಿತವರಿಗೆ ಮಾತ್ರ ಸಲ್ಲುತ್ತದೆ, ಜಾಲದ ಮೂಲಕ ಬಂದವರು ಖಾತೆಯ ಪೂರ್ಣ ಪಾಸ್‌ವರ್ಡನ್ನೇ ಕೊಡಬೇಕು. ಪಾಸ್‌ವರ್ಡೇ ಇಲ್ಲದ ಖಾತೆಯಾದರೆ ಜಾಲದಿಂದ ಪ್ರವೇಶವೇ ಇಲ್ಲ. ಲಿನಕ್ಸಿನ ಕಡೆಯಲ್ಲಿ ಬೇರೊಂದು ತೊಡಕು: ಯಂತ್ರಕ್ಕೆ ಪ್ರವೇಶಿಸುವ ಪಾಸ್‌ವರ್ಡನ್ನು ಸಾಂಬಾ ಅರಿಯದು; ತನ್ನದೇ ಆದ ವಹಿಯೊಂದನ್ನು ಅದು ಇಟ್ಟುಕೊಂಡಿರುತ್ತದೆ, ಅದರಲ್ಲಿ ಬಳಕೆದಾರರನ್ನು ಪ್ರತ್ಯೇಕವಾಗಿ ನೋಂದಾಯಿಸಬೇಕು. ಇನ್ನು, ಒಮ್ಮೆ ತಪ್ಪಾಗಿ ಕೊಟ್ಟ ಹೆಸರನ್ನು ವಿಂಡೋಸ್ ನೆನಪಿನಲ್ಲಿಟ್ಟುಕೊಂಡು ಪ್ರತಿಸಲವೂ ಅದನ್ನೇ ಮುಂದೊಡ್ಡುವುದುಂಟು. ಅದರ ಕ್ರೆಡೆನ್ಷಿಯಲ್ ಮ್ಯಾನೇಜರಿನಲ್ಲಿ ಹಳೆಯದನ್ನು ಅಳಿಸಿ, ಯಂತ್ರವನ್ನು ಪುನಃ ಚಾಲನೆಗೊಳಿಸಿ, ಹೊಸದಾಗಿ ಕೇಳುವಂತೆ ಮಾಡಬೇಕು. ಯಾವ ಗುರುತೂ ಇಲ್ಲದೆ ‘ಅತಿಥಿ’ಯಾಗಿ ಬರುವವರನ್ನು ಈಗಿನ ವಿಂಡೋಸ್ ಆವೃತ್ತಿಗಳು ಒಂದೊಂದಾಗಿ ನಿರಾಕರಿಸುತ್ತಿವೆ. ಅತಿಥಿಸತ್ಕಾರಕ್ಕೆ ಹೆಸರಾದ ನಾಡಿನವರಿಗೆ ಇದು ಕಟುವೆನಿಸೀತು. ಆದರೆ ನಿರಾಕರಣೆಯು ಸಾಧುವಾದುದೇ.

ಐದನೆಯದಾದ ಅಧಿಕಾರದಲ್ಲಿ ಎರಡು ಬಾಗಿಲುಗಳಿವೆ: ಹಂಚಿಕೆಯ ಬಾಗಿಲು ಒಂದು, ಕಡತದ ಒಡೆತನದ ಬಾಗಿಲು ಇನ್ನೊಂದು. ಎರಡರಲ್ಲಿ ಯಾವುದು ಬಿಗಿಯೋ ಅದೇ ನಡೆಯುತ್ತದೆ. ಹಂಚಿಕೆಯಲ್ಲಿ ‘ಬರೆಯಬಹುದು’ ಎಂದಿದ್ದು ಕಡತದಲ್ಲಿ ‘ಓದಬಹುದು’ ಎಂದಷ್ಟೇ ಇದ್ದರೆ ಓದಲು ಮಾತ್ರ ಸಾಧ್ಯ. ಉಬುಂಟುವಿನಲ್ಲಿ 2021ರ 21.04ನೆಯ ಆವೃತ್ತಿಯಿಂದ ಬಳಕೆದಾರರ ಮನೆಕೋಶವನ್ನೇ ಅನ್ಯರಿಗೆ ಮುಚ್ಚಲಾಗಿದೆ. ಅದರ ಒಳಗಿನ ಉಪಕೋಶವನ್ನು ಎಷ್ಟು ತೆರೆದಿಟ್ಟರೂ ಹೊರಬಾಗಿಲನ್ನು ದಾಟದವರು ನಡುಮನೆಯನ್ನು ಹೇಗೆ ಸೇರಿಯಾರು? ಹಂಚಿಕೆಯ ಕೋಶವನ್ನು ಮನೆಕೋಶದ ಹೊರಗೆ ನಿರ್ಮಿಸುವುದು ಲೇಸು.

ಈ ಐದೂ ತೆರೆದ ಮೇಲೆ ತಂತ್ರಜ್ಞರ ಕೆಲಸವು ಮುಗಿಯುತ್ತದೆ. ಕನ್ನಡಿಗನ ಕೆಲಸವು ಮುಗಿಯುವುದಿಲ್ಲ. ಕೋಶವು ತೆರೆದಿದೆ, ಕಡತವು ಬಂದಿದೆ. ಆದರೆ ಅದರ ಹೆಸರು ಹೊಂದುತ್ತಿಲ್ಲ, ಒಳಗಿನ ಬರಹವು ಓದಲು ಬರುತ್ತಿಲ್ಲ. ಇಂಗ್ಲಿಷಿನಲ್ಲಿ ಬರೆದ ಕೈಪಿಡಿಗಳು ಈ ಆರನೆಯ ತೂಬನ್ನು ವಿವರಿಸುವುದು ವಿರಳವಾದುದರಿಂದ ಇಲ್ಲಿ ಸ್ವಲ್ಪ ವಿಸ್ತರಿಸಬೇಕಾಗಿದೆ.

ಮೊದಲು ಕಡತದ ಹೆಸರು. ಇಂಗ್ಲಿಷ್ ಹೆಸರುಗಳಲ್ಲಿ ದೊಡ್ಡಕ್ಷರ ಮತ್ತು ಸಣ್ಣಕ್ಷರಗಳ ಭೇದವನ್ನು ಲಿನಕ್ಸ್ ಎಣಿಸುತ್ತದೆ, ವಿಂಡೋಸ್ ಎಣಿಸುವುದಿಲ್ಲ. ಇದರಿಂದ ಹುಟ್ಟುವ ಗೊಂದಲಗಳಿಗೆ ಲೆಕ್ಕವಿಲ್ಲ. ನಮ್ಮ ಲಿಪಿಗೆ ಆ ಭೇದವೇ ಇಲ್ಲವಾಗಿ ಕನ್ನಡದ ಹೆಸರು ಆ ಕಾಟದಿಂದ ಮುಕ್ತ. ಆದರೆ ಬೇರೆ ಕಾಟಗಳುಂಟು. ಪ್ರಶ್ನಾರ್ಥಕ ಚಿಹ್ನೆ, ವಿವರಣಚಿಹ್ನೆ, ಉದ್ಧರಣ ಚಿಹ್ನೆಗಳನ್ನು ಲಿನಕ್ಸ್ ಹೆಸರಿನೊಳಗೆ ಒಪ್ಪುತ್ತದೆ, ವಿಂಡೋಸ್ ಒಪ್ಪದು. ಅಂತಹ ಕಡತವನ್ನು ಸಾಂಬಾ ವಿರೂಪಗೊಂಡ ಚಿಕ್ಕ ಹೆಸರಿನಲ್ಲಿ ತೋರಿಸುತ್ತದೆ. ಇನ್ನೊಂದು ಉದ್ದದ ಮಿತಿ. ಲಿನಕ್ಸಿನ ರೂಢಿಯ ಕಡತವ್ಯವಸ್ಥೆಗಳು ಒಂದು ಹೆಸರಿಗೆ 255 ಬೈಟುಗಳನ್ನು ಕೊಡುತ್ತವೆ. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟು ಸಾಕು; ಕನ್ನಡದ ಪ್ರತಿಯೊಂದು ಸಂಕೇತಕ್ಕೂ ಮೂರು ಬೇಕು. ‘ಆತಗೂರು’ ಎಂಬುದನ್ನೇ ತೆಗೆದುಕೊಂಡರೆ ಆ, ತ, ಗ, ಕೊಂಬಿನ ದೀರ್ಘ, ರ, ಕೊಂಬು ಎಂದು ಆರು ಸಂಕೇತಗಳು, ಹದಿನೆಂಟು ಬೈಟುಗಳು. ಅಂದರೆ 85 ಸಂಕೇತಗಳಿಗೆ ಕನ್ನಡದ ಹೆಸರು ಅಂತ್ಯ ಕಾಣಬೇಕು. ವಿಂಡೋಸಿನಲ್ಲಿ ಇಂತಹ 255 ಸಂಕೇತಗಳಿಗೆ ಎಡೆಯುಂಟು. ಅಲ್ಲಿ ಲೇಖನದ ಪೂರ್ಣ ಶಿರೋನಾಮೆಯನ್ನೂ ಲೇಖಕರ ಪದವಿಗಳನ್ನೂ ಸೇರಿಸಿ ಇಟ್ಟ ಹೆಸರು ಲಿನಕ್ಸಿನ ಕೋಶಕ್ಕೆ ಹೋಗದೆ ಮಾರ್ಗದಲ್ಲಿ ಬಿದ್ದುಹೋಗುವುದಕ್ಕೆ ಇದು ಕಾರಣ. ಜಾಲದ ದೋಷವೆಂದು ತಿಳಿದು ತಂತಿಯನ್ನು ಬದಲಿಸಿದರೆ ಫಲವೇನು?

ಇದಕ್ಕಿಂತ ಸೂಕ್ಷ್ಮವಾದುದು ಇನ್ನೊಂದಿದೆ. ಐಗಳ ಶಾಲೆಯ ಮಕ್ಕಳು ಕಾಗುಣಿತವನ್ನು ಬಾಯಿಪಾಠ ಮಾಡುವಾಗ ಕಕ್ಕೆ ಗುಡಿಸು ಕೊಟ್ಟರೆ ಕಿ, ಗುಡಿಸಿನ ದೀರ್ಘ ಕೊಟ್ಟರೆ ಕೀ ಎಂದು ಹೇಳಿಕೊಳ್ಳುತ್ತಿದ್ದರು. ದೀರ್ಘವೆಂಬುದು ಗುಡಿಸಿನ ಮುಂದೆ ಬಂದು ಕೂಡುವ ಬೇರೆಯ ಚಿಹ್ನೆಯೆಂಬುದು ಈ ಪಾಠದ ತಿರುಳು. ಜಗತ್ತಿನ ಲಿಪಿಗಳಿಗೆಲ್ಲ ಸಂಖ್ಯೆಗಳನ್ನು ಗೊತ್ತುಮಾಡಿದ ಯೂನಿಕೋಡ್ ವ್ಯವಸ್ಥೆಯಲ್ಲಿ ಕನ್ನಡವು 1991ರ ಮೊದಲ ಆವೃತ್ತಿಯಿಂದಲೇ ಸ್ಥಾನ ಪಡೆದಿದೆ. ಅದೂ ಈ ತತ್ತ್ವವನ್ನು ಮನ್ನಿಸಿದೆ. ಅಲ್ಲಿ ಕೀ ಎಂಬುದರ ಸ್ವರಚಿಹ್ನೆಯನ್ನು ಇಡಿಯಾದ ಒಂದೇ ಸಂಕೇತವಾಗಿಯೂ ಬರೆಯಬಹುದು, ಗುಡಿಸು ಮತ್ತು ದೀರ್ಘ ಎಂದು ಬಿಡಿಸಿ ಎರಡಾಗಿಯೂ ಬರೆಯಬಹುದು. ‘ಕೋಶ’ ಎಂಬ ಪದದ ಓತ್ವವು ಒಂದೇ ಸಂಕೇತವಾಗಿರಬಹುದು. ಏತ್ವ, ಕೊಂಬಿನ ದೀರ್ಘ, ಅದರ ಮುಂದಣ ದೀರ್ಘ ಎಂದು ಮೂರಾಗಿಯೂ ಇರಬಹುದು. ಒಂದು ಬಗೆಯಲ್ಲಿ ‘ಕೋಶ’ಕ್ಕೆ ಮೂರು ಸಂಕೇತಗಳು, ಇನ್ನೊಂದು ಬಗೆಯಲ್ಲಿ ಐದು. ಕಣ್ಣಿಗೆ ಎರಡೂ ಒಂದೇ. ಯಂತ್ರಕ್ಕೆ ಅವು ಬೇರೆ ಬೇರೆ ಹೆಸರುಗಳು. ಆಪಲ್ ಸಂಸ್ಥೆಯ ಯಂತ್ರಗಳ ಹಳೆಯ ಕಡತವ್ಯವಸ್ಥೆಯು ಹೆಸರುಗಳನ್ನು ಬಿಡಿಸಿಯೇ ಇರಿಸಿಕೊಳ್ಳುತ್ತಿತ್ತು. ಅಲ್ಲಿಂದ ಬಂದ ಕಡತಗಳು ಇತರ ಯಂತ್ರಗಳಲ್ಲಿ ‘ಇದೆ, ಆದರೆ ಹುಡುಕಿದರೆ ಸಿಗುವುದಿಲ್ಲ’ ಎಂಬ ಸ್ಥಿತಿಯನ್ನು ತರಬಲ್ಲವು. ಒಂದೇ ಕೋಶದಲ್ಲಿ ಒಂದೇ ಹೆಸರಿನ ಎರಡು ಕಡತಗಳು ಕಂಡರೆ ಕಣ್ಣು ಮಂಜಾಯಿತೆಂದು ಭಾವಿಸದೆ ಇದನ್ನು ಶಂಕಿಸಬೇಕು. ಕಣ್ಣಿಗೆ ಕಾಣದ ಕೂಡುಚಿಹ್ನೆ ಬಿಡಿಸುಚಿಹ್ನೆಗಳೂ ಹೀಗೆಯೇ. ‘ರ‍್ಯಾಲಿ’ ಎಂಬ ಪದದ ರಕಾರವು ಅರ್ಕಾವೊತ್ತಾಗದೆ ಇಡಿಯಾಗಿ ನಿಲ್ಲುವುದು ಅಂತಹ ಅದೃಶ್ಯ ಸಂಕೇತವೊಂದರ ಬಲದಿಂದ. ಹೆಸರಿನಲ್ಲಿ ಅದು ಒಬ್ಬರಿಂದ ಸೇರಿ ಇನ್ನೊಬ್ಬರಿಂದ ಬಿಟ್ಟುಹೋದರೆ ಹುಡುಕಾಟವು ವಿಫಲವಾಗುತ್ತದೆ. ಹಂಚಿಕೆಯ ಕೋಶದ ಹೆಸರನ್ನು ಚಿಕ್ಕ ಇಂಗ್ಲಿಷ್ ಪದದಲ್ಲಿಟ್ಟು ಒಳಗಿನ ಕಡತಗಳಿಗೆ ಮಿತವಾದ ಕನ್ನಡ ಹೆಸರನ್ನಿಡುವುದು ವ್ಯವಹಾರಕ್ಕೆ ಸುಗಮ. ಕನ್ನಡಾಭಿಮಾನಿಗಳಿಗೆ ಇದು ರುಚಿಸದಿರಬಹುದು. ಮನೆಯ ಬಾಗಿಲಸಂಖ್ಯೆಯು ಅಂಕಿಯಲ್ಲಿದ್ದ ಮಾತ್ರಕ್ಕೆ ಮನೆಮಾತು ಬದಲಾಗುವುದಿಲ್ಲ.

ಒಳಗಿನ ಬರಹದ ತೊಡಕು ಇನ್ನೂ ಆಳವಾದುದು. ಶೇಷಾದ್ರಿ ವಾಸು ಅವರು 1998ರಲ್ಲಿ ಹೊರತಂದ ‘ಬರಹ’, ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ‘ನುಡಿ’, ಇವೆರಡೂ ಕನ್ನಡಕ್ಕೆ ಗಣಕಯಂತ್ರದಲ್ಲಿ ಬಾಳು ಕೊಟ್ಟ ತಂತ್ರಾಂಶಗಳು. ಅವುಗಳ ಉಪಕಾರವನ್ನು ಮರೆಯಲಾಗದು. ಆದರೆ ಅಂದಿನ ಯಂತ್ರಗಳು ಇಂಗ್ಲಿಷಿನ ಸಂಕೇತಗಳನ್ನಷ್ಟೇ ಬಲ್ಲವಾಗಿದ್ದುದರಿಂದ, ಇಂಗ್ಲಿಷ್ ಮತ್ತು ಐರೋಪ್ಯ ಅಕ್ಷರಗಳ ಸ್ಥಾನಗಳಲ್ಲಿ ಕನ್ನಡದ ತಲೆಕಟ್ಟು, ಕೊಂಬು, ಒತ್ತುಗಳ ಚಿತ್ರಗಳನ್ನು ಕೂರಿಸಿ ಕೆಲಸ ನಡೆಸಲಾಯಿತು. ನುಡಿಯ ಅಕ್ಷರಶೈಲಿಯು ಇರುವ ಯಂತ್ರದಲ್ಲಿ ಅದು ಕನ್ನಡ. ಇಲ್ಲದ ಉಬುಂಟು ಯಂತ್ರದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳ ಮತ್ತು ಕೊಕ್ಕೆಗಳ ರಾಶಿ. ಇದನ್ನು ಕಂಡವರು ಕಡತವು ಜಾಲದಲ್ಲಿ ಬರುವಾಗ ಕೆಟ್ಟುಹೋಯಿತೆಂದು ಭಾವಿಸಿ ಅಳಿಸಿಬಿಡುವ ಅಪಾಯವುಂಟು. ಕಡತವು ಕೆಟ್ಟಿಲ್ಲ, ವೇಷ ಕಳಚಿ ನಿಂತಿದೆ, ಅಷ್ಟೆ. ನುಡಿಯ ಅಕ್ಷರಶೈಲಿಯನ್ನು ಆ ಯಂತ್ರಕ್ಕೆ ಹಾಕಿದರೆ ಓದಲು ಬರುತ್ತದೆ. ಆದರೆ ಹುಡುಕಲು, ಅಕಾರಾದಿಯಾಗಿ ಜೋಡಿಸಲು ಬಾರದು. ಅದಕ್ಕೆ ಯೂನಿಕೋಡಿಗೆ ಪರಿವರ್ತಿಸಲೇಬೇಕು. ವಚನ ಸಂಚಯವೆಂಬ ಜಾಲತಾಣದಲ್ಲಿ ಒಂದು ಪದವನ್ನು ಕೊಟ್ಟರೆ ಅದು ಪ್ರಯೋಗವಾಗಿರುವ ವಚನಗಳು ಸಾಲಾಗಿ ದೊರಕುವುದು ಪಠ್ಯವು ಯೂನಿಕೋಡಿನಲ್ಲಿರುವುದರಿಂದಲೇ.

ಪರಿವರ್ತಿಸುವ ತಂತ್ರಾಂಶಗಳು ಲಭ್ಯವಿವೆ. ಅವುಗಳನ್ನು ಕಣ್ಣುಮುಚ್ಚಿ ನಂಬಲಾಗದೆಂಬುದಕ್ಕೆ ‘ಧರ್ಮ’ ಎಂಬ ಒಂದು ಪದ ಸಾಕು. ಯೂನಿಕೋಡಿನಲ್ಲಿ ಅಕ್ಷರಗಳು ಉಚ್ಚಾರಣೆಯ ಕ್ರಮದಲ್ಲಿರುತ್ತವೆ: ಧ, ಬಳಿಕ ರಕಾರ, ಹಲಂತಚಿಹ್ನೆ, ಕಡೆಯಲ್ಲಿ ಮ. ಹಳೆಯ ಅಕ್ಷರಶೈಲಿಯಲ್ಲಿ ಕಣ್ಣಿಗೆ ಕಾಣುವ ಕ್ರಮ: ಧ, ಮ, ಆಮೇಲೆ ಅರ್ಕಾವೊತ್ತು. ಪರಿವರ್ತಕವು ಅರ್ಕಾವೊತ್ತನ್ನು ಹಿಡಿದು ಮಕಾರವನ್ನು ದಾಟಿಸಿ ಹಿಂದಕ್ಕೆ ತರಬೇಕು. ‘ಸ್ವರ್ಗಾರೋಹಣ’, ‘ಕರ್ತೃತ್ವ’, ‘ಊರ್ಧ್ವ’ ಮೊದಲಾದ ಪದಗಳಲ್ಲಿ ಸ್ವರಚಿಹ್ನೆಯೂ ಒತ್ತೂ ಅರ್ಕಾವೊತ್ತೂ ಒಟ್ಟಾಗಿ ಬಂದಾಗ ಅದು ಎಡವುವ ಸಂಭವ ಹೆಚ್ಚು. ಎಡವಿದ ಸ್ಥಾನಗಳನ್ನು ಕನ್ನಡ ಬಲ್ಲ ಕಣ್ಣು ಮಾತ್ರ ಕಂಡುಹಿಡಿಯಬಲ್ಲದು. ದಾನಿಗಳ ನಾಮಾವಳಿಯಲ್ಲಿ ಒಂದು ಒತ್ತು ಜಾರಿದರೆ ಹೆಸರೇ ಬೇರೆಯಾಗುತ್ತದೆ.

ಈಗ ಮೂಲೆಯ ಎಕ್ಸ್‌ಪಿ ಯಂತ್ರಕ್ಕೆ ಬರಬಹುದು. ಮೊದಲು ಅದರ ಜಾಲದ ತಂತಿಯನ್ನು ಕಳಚಿಡಬೇಕು. ಪೆನ್‌ಡ್ರೈವನ್ನು ಈ ಲೇಖನದ ಆರಂಭದಲ್ಲಿ ಆಕ್ಷೇಪಿಸಿದ್ದು ನಿತ್ಯದ ಹಂಚಿಕೆಯ ವಿಷಯದಲ್ಲಿ. ಒಂದೇ ಸಲದ ಸಾಗಾಣಿಕೆಗೆ ಅದು ತಕ್ಕ ವಾಹನವೇ ಸರಿ. ಕಡತಗಳನ್ನೆಲ್ಲ ಅದಕ್ಕೆ ಪ್ರತಿಮಾಡಿ, ಕಚೇರಿಯ ಹೊಸ ಯಂತ್ರದಲ್ಲಿ ವೈರಸ್ ಪರೀಕ್ಷೆಗೆ ಒಳಪಡಿಸಿ ಆ ಬಳಿಕ ತೆರೆಯತಕ್ಕದ್ದು. ಯಂತ್ರವು ಚಾಲನೆಗೇ ಬಾರದಿದ್ದರೆ ಅದರ ಹಾರ್ಡ್‌ಡಿಸ್ಕನ್ನು ಬಿಚ್ಚಿ, ಪೇಟೆಯಲ್ಲಿ ಸಿಗುವ ಕೊಂಡಿಯೊಂದರ ಮೂಲಕ ಹೊಸ ಯಂತ್ರಕ್ಕೆ ಜೋಡಿಸಿ ಓದಬಹುದು. ಹೀಗೆ ಬಂದ ನುಡಿಯ ಮೂಲಗಳನ್ನು ‘ಮೂಲ’ ಎಂಬ ಉಪಕೋಶದಲ್ಲಿ ಓದುವ ಅಧಿಕಾರವನ್ನಷ್ಟೇ ಕೊಟ್ಟು ಇರಿಸಬೇಕು. ಅವುಗಳ ಜೊತೆಗೆ ನುಡಿಯ ಅಕ್ಷರಶೈಲಿಯ ಕಡತವನ್ನೂ ಇಡುವುದನ್ನು ಮರೆಯಬಾರದು. ಪರಿವರ್ತಿತ ಪ್ರತಿಗಳಿಗೆ ಬೇರೊಂದು ಉಪಕೋಶ. ಒಂದೊಂದು ಲೇಖನವನ್ನೂ ಮುದ್ರಿತ ಸಂಚಿಕೆಯೊಡನೆ ಹೋಲಿಸಿ ಕರಡು ತಿದ್ದಿದವರು ಕಡತದ ಕೊನೆಯಲ್ಲಿ ತಮ್ಮ ಹೆಸರನ್ನೂ ದಿನಾಂಕವನ್ನೂ ನಮೂದಿಸಬೇಕು. ಮುದ್ರಿತ ಪ್ರತಿಯು ಶಾಲೆಯಲ್ಲಿ ಉಳಿಯದೆ ಹೋದ ವರ್ಷಗಳಿಗೆ ಹಳೆಯ ವಿದ್ಯಾರ್ಥಿಗಳ ಮನೆಯ ಅಟ್ಟಗಳನ್ನು ವಿಚಾರಿಸಬೇಕಾಗುತ್ತದೆ. ಹಾರ್ಡ್‌ಡಿಸ್ಕನ್ನು ಮಾತ್ರ, ಕರಡು ತಿದ್ದುವ ಕೆಲಸವು ಕಡೆಯ ಸಂಚಿಕೆಯವರೆಗೂ ಮುಗಿಯುವ ತನಕ, ಗುಜರಿಗೆ ಹಾಕಕೂಡದು.